ಗಂಟಿಗೆ ಹೆದರಿ ಅಂಟು ಮಾಡಿಕೊಳ್ಳಬೇಡಿ

ಮಿಕ್ಸಿಯ ಜಾರನ್ನು ಮೊದಲು ಒಳಗಿಡಿ. ಹ್ಯಾಂಡ್ ಬ್ಲೆಂಡರನ್ನೂ ಇಡಿ. ಹಿಸುಕಿದ ಆಲೂಗಡ್ಡೆಯ ಮಾತು ಆಮೇಲೆ.

ಅಡುಗೆ ಕಲಿಸುವುದು ನನ್ನ ಕೆಲಸ. ಕಲಿಯಲು ಬರುವವರ ಪ್ರಶ್ನೆಗಳಿಗೆ ಸಾಮಾನ್ಯವಾಗಿ ನಾನು ಬೇಸರಪಡುವುದಿಲ್ಲ. ಆದರೆ ‘ಆಲೂಗಡ್ಡೆ ಅಂಟಂಟಾಗಿಬಿಟ್ಟಿತು, ಏನು ಮಾಡಲಿ?’ ಅಂತ ಯಾರಾದರೂ ಕೇಳಿದಾಗ ಮಾತ್ರ ತಾಳ್ಮೆ ಕೈಬಿಟ್ಟು ಹೋಗುತ್ತದೆ. ಕಾರಣ ಇಷ್ಟೇ: ಹೀಗೆ ಕೇಳುವವರು ಅಡುಗೆಯಲ್ಲಿ ಉದಾಸೀನ ಮಾಡಿದವರಲ್ಲ. ಒಂದೇ ಒಂದು ಗಂಟೂ ಇರಬಾರದು ಅಂತ ಪಟ್ಟು ಹಿಡಿದು ಉಳಿದವರಿಗಿಂತ ಹೆಚ್ಚು ದುಡಿದವರು. ಅಷ್ಟು ಪ್ರೀತಿಯಿಂದ ಮಾಡಿದ್ದು ಹಾಳಾಗುವುದನ್ನು ನೋಡಲಾಗುವುದಿಲ್ಲ.

ಒಬ್ಬರು ತಾಯಿಗಾಗಿ ಮಾಡಿದ್ದನ್ನು ಡಬ್ಬಿಯಲ್ಲಿ ಹಾಕಿಕೊಂಡು ತರಗತಿಗೇ ತಂದಿದ್ದರು. ತಾಯಿಗೆ ಹಲ್ಲು ತೆಗೆಸಿದ್ದಾರೆ, ಅಗಿಯಲಾಗುವುದಿಲ್ಲ, ನುಣ್ಣಗಿರಲಿ ಅಂತ ಮಿಕ್ಸಿಯಲ್ಲಿ ಚೆನ್ನಾಗಿ ತಿರುವಿದ್ದಾರೆ. ಚಮಚ ಹಾಕಿ ಎತ್ತಿದರೆ ಇಡೀ ಮುದ್ದೆಯೇ ಚಮಚದ ಜೊತೆ ಎದ್ದು ಬಂತು. ನಡುವೆ ಒಂದು ಎಳೆ ಉದ್ದಕ್ಕೆ ಜಗ್ಗಿ, ತುಂಡಾಗಿ, ಮೆಲ್ಲಗೆ ಹಿಂದಕ್ಕೆ ಸೇರಿಕೊಂಡಿತು. ಮೇಲ್ಮೈ ಬೂದು ಬಣ್ಣಕ್ಕೆ ತಿರುಗಿ ಹೊಳೆಯುತ್ತಿತ್ತು. ‘ಅಮ್ಮನಿಗೆ ಅಂಗುಳಕ್ಕೆ ಅಂಟಿಕೊಳ್ತಂತೆ ಮೇಡಂ, ನುಂಗೋಕೇ ಆಗ್ಲಿಲ್ವಂತೆ’ ಎಂದರು. ಆ ಮನುಷ್ಯನ ಮುಖ ನೋಡಿ ಬೈಯಲು ಮನಸ್ಸು ಬರಲಿಲ್ಲ. ಅವತ್ತಿನ ಪಾಠ ಬದಿಗಿಟ್ಟು, ಎಲ್ಲರಿಗೂ ಇದನ್ನೇ ಹೇಳಿದೆ. ಈಗ ನಿಮಗೂ ಸ್ವಲ್ಪ ಎಳೆದೇ ಹೇಳುತ್ತೇನೆ.

ಆಲೂಗಡ್ಡೆಯ ತಿರುಳು ಅಂದರೆ ಲೆಕ್ಕವಿಲ್ಲದಷ್ಟು ಪುಟ್ಟ ಕೋಶಗಳು. ಒಂದೊಂದರ ಒಳಗೂ ಪಿಷ್ಟದ ಕಣಗಳಿವೆ. ಬೇಯುವಾಗ ಶಾಖ ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಈ ಕಣಗಳು ನೀರು ಹೀರಿ ಉಬ್ಬಲು ತೊಡಗುತ್ತವೆ, ಕೋಶದ ತುಂಬ ಗಂಜಿ ಕಟ್ಟಿಕೊಳ್ಳುತ್ತದೆ. ಶಾಖ ಇನ್ನೂ ಏರಿ ಕುದಿಯುವ ಮಟ್ಟಕ್ಕೆ ಬಂದಾಗ ಕೋಶಗಳನ್ನು ಒಂದಕ್ಕೊಂದು ಬೆಸೆದಿದ್ದ ಪೆಕ್ಟಿನ್ ಸಡಿಲವಾಗುತ್ತದೆ. ಆಗ ಮೆಲ್ಲಗೆ ಒತ್ತಿದರೂ ಕೋಶಗಳು ಬಿಡಿಬಿಡಿಯಾಗುತ್ತವೆ. ಗಂಜಿ ತುಂಬಿದ ಚೀಲಗಳು ಒಡೆಯದೆ ಚೀಲಗಳಾಗಿಯೇ ಉಳಿದಿರುತ್ತವೆ. ಬಾಯಿಗೆ ಹಗುರ, ನಯ ಅಂತ ಅನ್ನಿಸುವುದು ಇದೇ. ಬ್ಲೇಡಿಗೆ ಕೊಟ್ಟಿರೋ, ಅದು ಚೀಲವನ್ನೇ ಸೀಳುತ್ತದೆ. ಒಳಗಿದ್ದ ಗಂಜಿಯೆಲ್ಲ ಹೊರಗೆ ಬಂದು ಒಂದಕ್ಕೊಂದು ಹೆಣೆದುಕೊಳ್ಳುತ್ತದೆ. ಅದೇ ಅಂಟು. ಹೆಚ್ಚು ತಿರುವಿದಷ್ಟೂ ಹೆಚ್ಚು ಅಂಟು.

ಇನ್ನು ಗಂಟಿನ ವಿಷಯ. ಬಹಳ ಜನ ಎಡವುವುದೇ ಇಲ್ಲಿ. ಗಂಟು ಹುಟ್ಟುವುದು ಹಿಸುಕುವಾಗ ಅಂತ ತಿಳಿದು ಹಿಸುಕಿ ಹಿಸುಕಿ ಸುಸ್ತಾಗುತ್ತಾರೆ. ಅದು ಹುಟ್ಟುವುದು ಬೇಯಿಸುವಾಗ. ಹೋಳುಗಳು ಒಂದು ದಪ್ಪ, ಒಂದು ಸಣ್ಣ ಆಗಿದ್ದರೆ ಸಣ್ಣವು ಕರಗುವಷ್ಟರಲ್ಲಿ ದಪ್ಪದವುಗಳ ನಡುಭಾಗ ಇನ್ನೂ ಗಟ್ಟಿಯಾಗಿರುತ್ತದೆ. ಕುದಿಯುವ ನೀರಿಗೆ ಹಾಕಿದರೂ ಇದೇ ಪಾಡು, ಹೊರಮೈ ಕಿತ್ತುಹೋಗುತ್ತದೆ, ಒಳಗೆ ಬೆಂದಿರುವುದಿಲ್ಲ. ಆದ್ದರಿಂದ ಹೋಳುಗಳು ಒಂದೇ ಗಾತ್ರದಲ್ಲಿರಲಿ, ತಣ್ಣೀರಿಗೆ ಉಪ್ಪು ಹಾಕಿ ಅದರಲ್ಲೇ ಒಲೆಗೇರಿಸಿ, ಕೊತಕೊತ ಕುದಿಸದೆ ಸಣ್ಣ ಉರಿಯಲ್ಲಿ ಬೇಯಿಸಿ. ಚಾಕು ಚುಚ್ಚಿದರೆ ಹೋಳು ತಾನಾಗಿ ಜಾರಿ ಬೀಳಬೇಕು. ಅರೆಬೆಂದ ತುಣುಕನ್ನು ಎಷ್ಟು ಬಡಿದರೂ ಅದು ಬೇಯುವುದಿಲ್ಲ. ಅದರ ಸುತ್ತಲಿನ ಬೆಂದ ಭಾಗ ಮಾತ್ರ ಅಂಟಾಗುತ್ತದೆ. ಗಂಟೂ ಉಳಿಯಿತು, ಅಂಟೂ ಆಯಿತು.

ಹಾಗಿದ್ದರೆ ಹಿಸುಕಲು ಏನು ಬೇಕು? ಮ್ಯಾಶರ್ ಸಾಕು. ರೇಷ್ಮೆಯಂತಿರಬೇಕು ಅನ್ನುವವರಿಗೆ ಜರಡಿ ಇದೆ, ಇಲ್ಲವೇ ಸಣ್ಣ ತೂತುಗಳಿಂದ ಒತ್ತಿ ಇಳಿಸುವ ರೈಸರ್. ಜರಡಿಗೆ ಬಿಸಿ ಗಡ್ಡೆ ಹಾಕಿ ಸೌಟಿನ ಬೆನ್ನಿನಿಂದ ನೇರವಾಗಿ ಕೆಳಗೆ ಒತ್ತಿ, ತಿಕ್ಕಬೇಡಿ. ತಾಯಿಗೆ ಮಾಡಿಕೊಟ್ಟವರ ಕೈಯಲ್ಲಿ ಹೀಗೇ ಮಾಡಿಸಿದೆ. ಜರಡಿಯ ಕೆಳಗೆ ಪುಡಿಪುಡಿಯಾಗಿ, ಬೆಳ್ಳಗೆ ಉದುರಿ ಗುಡ್ಡೆಯಾಯಿತು. ಅದಕ್ಕೆ ಬೆಣ್ಣೆ ಸೇರಿಸಿ ಎರಡು ಸುತ್ತು ಕೈಯಾಡಿಸುವಷ್ಟರಲ್ಲಿ ‘ಇಷ್ಟೇನಾ!’ ಎಂದರು.

ಇಷ್ಟೇ. ಆದರೆ ಬಿಸಿ ಇರುವಾಗಲೇ ಮಾಡಬೇಕು. ಆರಿದರೆ ಪಿಷ್ಟ ಬಿಗಿಯಾಗುತ್ತದೆ, ಆಮೇಲೆ ಬಲ ಹಾಕಬೇಕಾಗುತ್ತದೆ.

ಇದಕ್ಕೂ ಮೊದಲು ಒಂದು ಹೆಜ್ಜೆ ಇದೆ, ಅದನ್ನು ಬಿಡುವವರೇ ಹೆಚ್ಚು. ನೀರು ಬಸಿದ ಮೇಲೆ ಹೋಳುಗಳನ್ನು ಅದೇ ಪಾತ್ರೆಗೆ ಹಾಕಿ, ತೀರಾ ಸಣ್ಣ ಉರಿಯಲ್ಲಿ ಒಂದೆರಡು ನಿಮಿಷ ಅಲ್ಲಾಡಿಸುತ್ತಾ ಹಬೆ ಹೋಗಲು ಬಿಡಿ. ಅಂಚುಗಳು ಹಿಟ್ಟು ಹಚ್ಚಿದಂತೆ ಬಿಳುಪಾಗುತ್ತವೆ, ಪಾತ್ರೆಯ ತಳಕ್ಕೆ ತೆಳುವಾಗಿ ಪೊರೆ ಹಿಡಿಯುತ್ತದೆ. ಅಲ್ಲಿಗೆ ನಿಲ್ಲಿಸಿ. ನೀರು ಹೊರಟುಹೋದ ಜಾಗಕ್ಕೆ ಬೆಣ್ಣೆ, ಹಾಲು ಬರುತ್ತವೆ. ನೀರು ಉಳಿದಿದ್ದರೆ ಎಷ್ಟು ಬೆಣ್ಣೆ ಸುರಿದರೂ ರುಚಿ ಸಪ್ಪೆ. ಕುಕ್ಕರಿನಲ್ಲೇ ಬೇಯಿಸುವವರು ಸಿಪ್ಪೆ ಸಹಿತ ಇಡೀ ಗಡ್ಡೆಯನ್ನು ನೀರು ತಾಗದಂತೆ ಬೇರೆ ಪಾತ್ರೆಯಲ್ಲಿಡುವುದು ಒಳ್ಳೆಯದು. ಎಷ್ಟು ಹೊತ್ತು ಅಂತ ನನ್ನನ್ನು ಕೇಳಬೇಡಿ. ಗಡ್ಡೆಯ ಗಾತ್ರ, ತಳಿ, ಕುಕ್ಕರು ಎಲ್ಲವೂ ಬೇರೆ ಬೇರೆ.

ತಳಿಯ ಬಗ್ಗೆ ಎರಡೇ ಮಾತು. ಬೆಂದಾಗ ಹುಡಿಹುಡಿಯಾಗುವ ಗಡ್ಡೆಯಲ್ಲಿ ಪಿಷ್ಟ ಹೆಚ್ಚು, ಹಿಸುಕಲು ಅದೇ ಸುಲಭ. ಗಟ್ಟಿಯಾಗಿ, ನೀರುನೀರಾಗಿ ಉಳಿಯುವ ಗಡ್ಡೆಗೆ ಹೆಚ್ಚು ಒತ್ತಡ ಬೇಕು, ಅದಕ್ಕೇ ಅಂಟಾಗುವ ಅಪಾಯವೂ ಹೆಚ್ಚು. ಯಾವುದು ಯಾವುದೆಂದು ಗೊತ್ತಾಗದಿದ್ದರೆ ಒಂದು ಪಾಲು ಉಪ್ಪಿಗೆ ಹನ್ನೊಂದು ಪಾಲು ನೀರು ಬೆರೆಸಿ ಅದರಲ್ಲಿ ಬಿಟ್ಟು ನೋಡಿ. ಪಿಷ್ಟ ಹೆಚ್ಚಿರುವುದು ಮುಳುಗುತ್ತದೆ, ಗಟ್ಟಿ ಜಾತಿಯದು ತೇಲುತ್ತದೆ. ಸಾಮಾನ್ಯವಾಗಿ ಹೀಗಾಗುತ್ತದೆ ಅನ್ನುತ್ತೇನೆ, ಪ್ರತಿ ಗಡ್ಡೆಗೂ ಖಾತರಿ ಕೊಡಲಾರೆ. ಹಸಿರುಗಟ್ಟಿದ, ಕಹಿ ಇರುವ ಗಡ್ಡೆಯನ್ನು ಮಾತ್ರ ಬಳಸಲೇಬೇಡಿ. ಅದರಲ್ಲಿರುವ ಸೊಲನಿನ್ ಎಂಬ ವಿಷ ಬೇಯಿಸಿದರೂ ಹೋಗುವುದಿಲ್ಲ.

ಈ ಎಲ್ಲ ಮಾತಿಗೆ ಅಪವಾದಗಳನ್ನು ಎತ್ತುವವರೂ ಇದ್ದಾರೆ. 1981ರಲ್ಲಿ ಪ್ಯಾರಿಸ್‌ನಲ್ಲಿ ‘ಜಾಮ್ಯಾಂ’ ಎಂಬ ರೆಸ್ಟೋರೆಂಟ್ ತೆರೆದ ಫ್ರೆಂಚ್ ಬಾಣಸಿಗ ಜೊಯೆಲ್ ರೊಬುಶೋನ್ ಹಿಸುಕಿದ ಆಲೂಗಡ್ಡೆಯಿಂದಲೇ ಜಗತ್ತಿಗೆಲ್ಲ ಗೊತ್ತಾದರು. ಅವರು ಆರಿಸಿದ್ದು ‘ರಾತ್’ ಎಂಬ ಗಟ್ಟಿ ಜಾತಿಯ ಪುಟ್ಟ ಗಡ್ಡೆ. ‘ನೋಡಿ, ಅವರು ಗಟ್ಟಿ ಗಡ್ಡೆಯನ್ನೇ ಹಾಕಿದರಲ್ಲ’ ಎನ್ನುತ್ತಾರೆ. ಹಾಕಿದರು, ನಿಜ. ಆದರೆ ಸಿಪ್ಪೆ ಸಹಿತ ಬೇಯಿಸಿ, ಕೈಯಲ್ಲಿ ತಿರುಗಿಸುವ ಜರಡಿಯಂಥ ಮಿಲ್ಲಿನಿಂದ ಇಳಿಸಿ, ಉರಿಯ ಮೇಲೆ ನೀರು ಆರಿಸಿ, ತಣ್ಣನೆಯ ಬೆಣ್ಣೆಯನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ, ಆಮೇಲೆ ಬಿಸಿ ಹಾಲು. ಪ್ರಕಟವಾದ ಅಳತೆಯಲ್ಲಿ ಒಂದು ಕಿಲೋ ಗಡ್ಡೆಗೆ 250 ಗ್ರಾಂ ಬೆಣ್ಣೆ. ಇಷ್ಟರಲ್ಲಿ ಬ್ಲೇಡು ಎಲ್ಲಿದೆ ಹೇಳಿ? ಇನ್ನೊಂದು, ಫ್ರಾನ್ಸಿನ ಓಬ್ರಾಕ್ ಸೀಮೆಯ ‘ಅಲಿಗೊ’, ಹಿಸುಕಿದ ಆಲೂಗಡ್ಡೆಗೆ ಚೀಸ್ ಬೆರೆಸಿ ಮಾಡುವ ತಿನಿಸು. ಎಳೆ ಎಳೆಯಾಗಿ ಜಗ್ಗುವುದೇ ಅದರ ಸೊಗಸು. ಆ ಎಳೆ ಬರುವುದು ಧಾರಾಳವಾಗಿ ಬೀಳುವ ತಾಜಾ ಚೀಸಿನಿಂದ, ಮಿಕ್ಸಿಯಿಂದ ಅಲ್ಲ.

ನಮಗೆ ದಿನವೂ ಅಷ್ಟು ಬೆಣ್ಣೆ ಬೇಕಾಗಿಲ್ಲ, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಕೊಳ್ಳಲಿ. ಆದರೆ ಕ್ರಮ ಮಾತ್ರ ಬದಲಾಗದಿರಲಿ: ಮೊದಲು ಬೆಣ್ಣೆ, ಆಮೇಲೆ ಹಾಲು. ಹಾಲು ಬಿಸಿಯಾಗಿರಬೇಕು, ಫ್ರಿಜ್ಜಿನಿಂದ ನೇರವಾಗಿ ಸುರಿದರೆ ಎಲ್ಲವೂ ಒಮ್ಮೆಲೇ ತಣ್ಣಗಾಗಿ ಬಿಗಿಯುತ್ತದೆ. ಬೆರೆತ ಕೂಡಲೇ ಕೈ ನಿಲ್ಲಿಸಿ.

ನನಗೆ ಅಚ್ಚುಮೆಚ್ಚು ಐರ್ಲೆಂಡಿನ ‘ಚಾಂಪ್’. ಈರುಳ್ಳಿ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಲಿನಲ್ಲೇ ಒಂದು ಕುದಿ ಬರಿಸಿ, ಆ ಹಾಲನ್ನು ಸೊಪ್ಪಿನ ಸಮೇತ ಗಡ್ಡೆಗೆ ಸೇರಿಸುತ್ತಾರೆ. ಹಾಲಿಗೆ ಘಮವೂ ಬರುತ್ತದೆ, ಬಿಸಿಯೂ ಆಗಿರುತ್ತದೆ. ತಟ್ಟೆಯಲ್ಲಿ ಗುಡ್ಡೆ ಮಾಡಿ, ನಡುವೆ ಚಮಚದಿಂದ ಗುಳಿ ತೋಡಿ, ಅದರಲ್ಲಿ ಬೆಣ್ಣೆಯ ತುಂಡು ಇಡಬೇಕು. ಕರಗಿದ ಬೆಣ್ಣೆಯಲ್ಲಿ ಒಂದೊಂದು ತುತ್ತನ್ನೂ ಅದ್ದಿ, ಅಂಚಿನಿಂದ ಒಳಕ್ಕೆ ತಿನ್ನುತ್ತಾ ಬರಬೇಕು. ಮೇಲೆ ಆಗ ತಾನೇ ಕುಟ್ಟಿದ ಕಾಳುಮೆಣಸು, ಬೇರೇನೂ ಬೇಡ. ಹಾಲು ಒಗ್ಗದವರು ಗ್ರೀಸಿನ ‘ಸ್ಕೋರ್ದಾಲ್ಯಾ’ ಮಾಡಿಕೊಳ್ಳಲಿ: ಜಜ್ಜಿದ ಹಸಿ ಬೆಳ್ಳುಳ್ಳಿ, ಆಲಿವ್ ಎಣ್ಣೆ, ಒಂದಿಷ್ಟು ನಿಂಬೆರಸ. ಹುಳಿಯನ್ನು ಗಡ್ಡೆ ಪೂರ್ತಿ ಬೆಂದ ಮೇಲೆಯೇ ಹಾಕಿ, ಬೇಯುವ ನೀರಿಗೆ ಹುಳಿ ಬಿದ್ದರೆ ಗಡ್ಡೆ ಮೆತ್ತಗಾಗಲು ಸತಾಯಿಸುತ್ತದೆ.

ಈಗಾಗಲೇ ಅಂಟಾಗಿರುವುದನ್ನು ಹಿಂದಿನ ಸ್ಥಿತಿಗೆ ತರುವ ಉಪಾಯ ಇಲ್ಲ. ಹಾಲು ಹಾಕಿ ಮತ್ತೆ ತಿರುವಿದರೆ ಇನ್ನಷ್ಟು ಕೆಡುತ್ತದೆ. ಎಸೆಯಬೇಡಿ, ಅಗಲವಾದ ತಟ್ಟೆಯಲ್ಲಿ ತೆಳುವಾಗಿ ಹರಡಿ, ಚೀಸ್ ತುರಿದು, ಮೇಲ್ಭಾಗ ಕೆಂಪಗಾಗುವವರೆಗೆ ಓವನ್ನಿನಲ್ಲಿಡಿ.

ಚೆನ್ನಾಗಿ ಬಂದದ್ದು ಮಿಕ್ಕಿದ್ದರೆ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಮರುದಿನ ಅದು ಗಟ್ಟಿಯಾಗಿರುತ್ತದೆ, ಅದನ್ನು ಮತ್ತೆ ಹಿಸುಕಿ ಮೆತ್ತಗೆ ಮಾಡುವ ಆಸೆ ಬೇಡ. ದಪ್ಪ ತಳದ ಬಾಣಲೆಯಲ್ಲಿ ಬೆಣ್ಣೆ ಕಾಯಿಸಿ, ಒಂದು ಬೆರಳು ದಪ್ಪಕ್ಕೆ ತಟ್ಟಿ, ಮುಟ್ಟದೆ ಬಿಡಿ. ಅಂಚು ಕಂದು ಬಣ್ಣಕ್ಕೆ ತಿರುಗಿ ಬಾಣಲೆಯಿಂದ ತಾನಾಗಿ ಬಿಡುವವರೆಗೆ ಮಗುಚಬೇಡಿ. ಅವಸರ ಮಾಡಿದರೆ ಗರಿಗರಿ ಪದರ ತಳದಲ್ಲೇ ಉಳಿಯುತ್ತದೆ, ತಿನ್ನಲು ರುಚಿಯಾಗಿರುವ ಭಾಗ ಅದೇ.