ರಫ್ತಿಗೆ ಬೇರೆ, ಊರಿಗೆ ಬೇರೆ?

ಬೆಂಗಳೂರಿನ ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡುವ ಶೆಡ್ಡುಗಳ ಮಾಲೀಕರು ನನ್ನನ್ನು ಕರೆಸಿದಾಗ ಮೊದಲು ತೋರಿಸುವುದು ತಪಾಸಣೆಯ ಮೇಜನ್ನು. ‘ರಫ್ತು ಮಾಲನ್ನು ನೂರಕ್ಕೆ ನೂರು ಚೆಕ್ ಮಾಡಿ ಆರಿಸುತ್ತೇವೆ ಸಾರ್, ಉಳಿದದ್ದು ಲೋಕಲ್‌ಗೆ’ ಎಂದು ಹೆಮ್ಮೆಯಿಂದಲೇ ಹೇಳುತ್ತಾರೆ. ನನಗೆ ಮೈ ಉರಿಯುತ್ತದೆ.

ಆರಿಸಿದರೆ ಆ ಲಾಟ್ ಬಚಾವಾಗಬಹುದು, ಯಂತ್ರಕ್ಕೆ ಬುದ್ಧಿ ಬರುವುದಿಲ್ಲ. 20 ಮಿ.ಮೀ. ಬೋರ್‌ಗೆ, ಅಂದರೆ ರಂಧ್ರಕ್ಕೆ, ನಕ್ಷೆಯಲ್ಲಿ ಎಚ್7 ಎಂಬ ಮಿತಿಯ ಗುರುತಿದ್ದರೆ ಸಿಗುವ ಅವಕಾಶ 21 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲಿ 21 ಭಾಗ). ಅಂಚಿನಲ್ಲಿ ಪಾಸಾದದ್ದೂ ನಡುವೆ ಪಾಸಾದದ್ದೂ ಒಂದೇ ಟ್ರೇಗೆ ಬೀಳುತ್ತವೆ. ವಿದೇಶಿ ಗಿರಾಕಿಗೆ ಅಳತೆಗಳು ಎಷ್ಟು ಚದುರಿವೆ ಎಂಬುದು ಮುಖ್ಯ. ವಾಹನದ ಬಿಡಿಭಾಗಗಳಿಗೆ ಸಿಪಿಕೆ (ಅಳತೆಗಳು ಮಿತಿಯೊಳಗೆ ಎಷ್ಟು ಬಿಗಿಯಾಗಿ ನಿಲ್ಲುತ್ತವೆ ಎಂದು ಹೇಳುವ ಅಂಕಿ) 1.33, ಕೆಲವೆಡೆ 1.67 ಕೇಳುತ್ತಾರೆ. 1.33 ಎಂದರೆ ಸರಾಸರಿಯಿಂದ ಹತ್ತಿರದ ಮಿತಿಗೆ ನಾಲ್ಕು ಸಿಗ್ಮಾ ದೂರ; ಸಿಗ್ಮಾ ಎಂದರೆ ಚದುರುವಿಕೆಯ ಅಳತೆ. ಎಷ್ಟು ಜನರನ್ನು ಕೂರಿಸಿ ಆರಿಸಿದರೂ ಈ ಅಂಕಿ ದಕ್ಕದು; ಮಾಡುವ ವಿಧಾನವನ್ನೇ ಬದಲಿಸಬೇಕು. ಹೊಸತೇನಾದರೂ ಹುಟ್ಟಿದರೆ ಈ ಒತ್ತಡದಲ್ಲೇ ಹುಟ್ಟುತ್ತದೆ.

ಒಂದು ಶೆಡ್‌ನಲ್ಲಿ ತೆಳು ಗೋಡೆಯ ಉಂಗುರ ಮಾಡುತ್ತಿದ್ದರು. ಬೇರಿಂಗ್ ಕೂರುತ್ತಿಲ್ಲವೆಂದು ಜರ್ಮನಿಯಿಂದ ಲಾಟ್ ವಾಪಸ್ ಬಂತು. ಇವರ ಬೋರ್ ಗೇಜ್ ಸುತ್ತಲೂ ಸರಿಯಾದ ಅಳತೆಯನ್ನೇ ತೋರಿಸುತ್ತಿತ್ತು. ಮಾಲೀಕರು ಕಾರಣದ ಕಲಂನಲ್ಲಿ ‘ಆಪರೇಟರ್‌ಗೆ ಎಚ್ಚರಿಕೆ ನೀಡಲಾಗಿದೆ’ ಎಂದು ಬರೆದು ಕಳುಹಿಸಿದರು. ಪಾಪ, ಆಪರೇಟರ್! ಗಿರಾಕಿ ವರದಿಯನ್ನು ತಿರಸ್ಕರಿಸಿದ.

ದುಂಡುತನವನ್ನು ಅಳೆಸಿದಾಗ ಗುಟ್ಟು ಬಯಲಾಯಿತು. ಯಂತ್ರದಲ್ಲಿ ತುಂಡನ್ನು ಹಿಡಿಯುವ ಮೂರು ದವಡೆಯ ಚಕ್, ಉಂಗುರವನ್ನು ಹಿಂಡಿ ಹಿಡಿಯುತ್ತಿತ್ತು. ಬೋರ್ ಮಾಡಿ ಸಡಿಲಿಸಿದೊಡನೆ ರಂಧ್ರ ಮೂರು ಉಬ್ಬಿನ ಆಕಾರಕ್ಕೆ ತಿರುಗುತ್ತಿತ್ತು. ಎರಡು ಬಿಂದುಗಳಲ್ಲಿ ಮುಟ್ಟುವ ಗೇಜ್‌ಗೆ ಈ ದೋಷ ಕಾಣುವುದೇ ಇಲ್ಲ. ಆ ಬೈಸಿಕೊಂಡ ಆಪರೇಟರ್ ಮತ್ತು ಟೂಲ್‌ರೂಮಿನವರು ಸೇರಿ, ಉಂಗುರವನ್ನು ಸುತ್ತಲಿಂದ ಹಿಂಡದೆ ಮೇಲಿನಿಂದ ಅದುಮಿ ಹಿಡಿಯುವ ಫಿಕ್ಸ್ಚರ್ ಮಾಡಿದರು. ಮುಂದೆ ಇನ್ನೂ ತೆಳುವಾದ ಅಲ್ಯೂಮಿನಿಯಂ ಭಾಗಕ್ಕೆ ದರ ಕೊಡುವ ಧೈರ್ಯ ಅವರಿಗೆ ಬಂದದ್ದು ಅದರಿಂದಲೇ.

ರಫ್ತು ಮಾಡುವವರೆಲ್ಲ ಹೀಗೆ ಹೊಸತನಕ್ಕೆ ಕೈಹಾಕುತ್ತಾರೆ ಎನ್ನಲಾರೆ. ಗಿರಾಕಿ ಒಮ್ಮೆ ಒಪ್ಪಿದ ವಿಧಾನವನ್ನು ಬದಲಿಸಲು ಮತ್ತೆ ಒಪ್ಪಿಗೆ, ಮತ್ತೆ ಮಾದರಿ, ಮತ್ತೆ ಕಾಗದ ಬೇಕು. ಆ ರಗಳೆಗೆ ಹೆದರಿ ವರ್ಷಗಟ್ಟಲೆ ಇನ್ಸರ್ಟ್ (ಲೋಹ ಕತ್ತರಿಸುವ ಮೊನೆ) ಬಗೆಯನ್ನು ಕೂಡ ಬದಲಿಸದವರಿದ್ದಾರೆ. ಅವರ ಭಯವೂ ಸುಳ್ಳಲ್ಲ. ಅಂಥವರಿಗೆ ನಾನು ಹೇಳುವುದು ಇಷ್ಟೇ: ಹೊಸ ವಿಧಾನವನ್ನು ಮೊದಲು ಲೋಕಲ್ ಆರ್ಡರಿನ ಮೇಲೆ, ಆ ಗಿರಾಕಿಗೂ ತಿಳಿಸಿ, ಮಾಡಿ ನೋಡಿ. ತಯಾರಾದ ಕ್ರಮದಲ್ಲೇ ಅಳತೆಗಳನ್ನು ಬರೆದಿಡಿ. ರಫ್ತು ಗಿರಾಕಿಯ ಒಪ್ಪಿಗೆ ಕೇಳುವ ದಿನ ಆ ಹಾಳೆಗಳು ಬೇಕಾಗುತ್ತವೆ.