ಲ್ಯಾಪ್‌ಟಾಪ್‌ಗೆ ಹೊರಗಿನಿಂದ ಗ್ರಾಫಿಕ್ಸ್ ಕಾರ್ಡ್: ಮೊದಲು ಪೋರ್ಟ್ ನೋಡಿ, ಆಮೇಲೆ ಕಾರ್ಡ್

ಓದುಗರ ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ನನ್ನದು 11ನೇ ಜನರೇಶನ್ ಐ5 ಲ್ಯಾಪ್‌ಟಾಪ್, 8 ಜಿಬಿ ರ‍್ಯಾಮ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಹಾಸನದಲ್ಲಿರುವ ಚಿಕ್ಕಪ್ಪನ ಮಗ ಹೊಸ ಕಾರ್ಡ್ ತಗೊಂಡಿದ್ದಾನೆ, ತನ್ನ ಡೆಸ್ಕ್‌ಟಾಪ್‌ನಲ್ಲಿದ್ದ ಆರ್‌ಟಿಎಕ್ಸ್ 3060 ನನಗೆ ಕೊಡುತ್ತೇನೆ ಅಂತಾನೆ. ಅದನ್ನು ಹೊರಗಿನಿಂದ ಲ್ಯಾಪ್‌ಟಾಪ್‌ಗೆ ಜೋಡಿಸಿದರೆ ಗೇಮ್ ಚೆನ್ನಾಗಿ ಓಡುತ್ತಾ?

ಉತ್ತರ: ಓಡುತ್ತದೆ, ಲ್ಯಾಪ್‌ಟಾಪ್‌ನಲ್ಲಿ ಸರಿಯಾದ ದಾರಿ ಇದ್ದರೆ. ಈ ಪ್ರಶ್ನೆ ಕೇಳುವವರೆಲ್ಲ ಕಾರ್ಡ್ ಯಾವುದು ಅಂತ ಬರೆಯುತ್ತಾರೆ. ಲ್ಯಾಪ್‌ಟಾಪ್‌ನ ಪಕ್ಕದಲ್ಲಿ ಯಾವ ಪೋರ್ಟ್ ಇದೆ ಅಂತ ಬರೆಯುವುದೇ ಇಲ್ಲ. ಇಲ್ಲಿ ಕಾರ್ಡ್‌ಗಿಂತ ಪೋರ್ಟ್ ಮುಖ್ಯ.

ಡೆಸ್ಕ್‌ಟಾಪ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ಕೂರುವುದು ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್‌ನಲ್ಲಿ. ಅಲ್ಲಿ 16 ಲೇನ್, ಅಂದರೆ ಡೇಟಾ ಓಡಾಡುವ 16 ಸಾಲು ದಾರಿ ಇರುತ್ತವೆ. ಮೂರನೇ ತಲೆಮಾರಿನ ಪಿಸಿಐ ಎಕ್ಸ್‌ಪ್ರೆಸ್ ಆದರೂ ಸೆಕೆಂಡಿಗೆ ಹತ್ತಿರ ಹತ್ತಿರ 16 ಗಿಗಾಬೈಟ್ ಡೇಟಾ ಒಂದೊಂದು ದಿಕ್ಕಿಗೆ ಓಡಾಡಬಹುದು. ಲ್ಯಾಪ್‌ಟಾಪ್‌ಗೆ ಹೊರಗಿನಿಂದ ಜೋಡಿಸಿದಾಗ ಸಿಗುವುದು ಬರೀ 4 ಲೇನ್. ಥಂಡರ್‌ಬೋಲ್ಟ್ ಅನ್ನುವುದು ಯುಎಸ್‌ಬಿ-ಸಿ ಆಕಾರದ, ಪಿಸಿಐ ಎಕ್ಸ್‌ಪ್ರೆಸ್ ಕೂಡ ಸಾಗಿಸುವ ವೇಗದ ಪೋರ್ಟ್. ಅದರ 3 ಮತ್ತು 4ನೇ ಆವೃತ್ತಿಯ ಮೇಲೆ 40 ಗಿಗಾಬಿಟ್ ಅಂತ ಬರೆದಿರುತ್ತದೆ. ಅದರಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಪಾಲು ಹೆಚ್ಚೆಂದರೆ 32 ಗಿಗಾಬಿಟ್, ಅಂದರೆ (8 ಬಿಟ್‌ಗೆ ಒಂದು ಬೈಟ್) ಸೆಕೆಂಡಿಗೆ 4 ಗಿಗಾಬೈಟ್. ಕೈಗೆ ಸಿಗುವುದು ಅದಕ್ಕಿಂತ ಕಡಿಮೆ, 3 ಗಿಗಾಬೈಟ್ ಮುಟ್ಟುವುದೂ ಕಷ್ಟ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿಗೆ ಇಳಿದ ಮೇಲೆ ಬೈಕ್ ಎಷ್ಟು ಸಿಸಿ ಅನ್ನುವುದಕ್ಕಿಂತ ತಿರುವು ಎಷ್ಟು ಅನ್ನುವುದೇ ಲೆಕ್ಕ. ಇದೂ ಹಾಗೆಯೇ.

ಹಾಗಾದರೆ ಕಾರ್ಡ್‌ನ ಶಕ್ತಿ ಐದರಲ್ಲಿ ಒಂದು ಪಾಲಿಗೆ ಇಳಿಯುತ್ತದಾ? ಇಲ್ಲ. ಗೇಮ್‌ನ ಚಿತ್ರಗಳು, ಟೆಕ್ಸ್ಚರ್‌ಗಳು ಶುರುವಿನಲ್ಲೇ ಕಾರ್ಡ್‌ನ ಸ್ವಂತ ಮೆಮೊರಿಗೆ ಹೋಗಿ ಕೂತಿರುತ್ತವೆ. ಆಮೇಲೆ ಪ್ರತಿ ಫ್ರೇಮ್‌ಗೂ ಹೋಗುವುದು ಮುಖ್ಯವಾಗಿ 'ಇದನ್ನು ಇಲ್ಲಿ ಬಿಡಿಸು, ಅದನ್ನು ಅಲ್ಲಿ ಬಿಡಿಸು' ಅನ್ನುವ ಆದೇಶಗಳು. ಹಾಗಾಗಿ ಸಾಮಾನ್ಯವಾಗಿ ಕಾಲು ಭಾಗದ ಆಸುಪಾಸಿನಲ್ಲಿ ನಷ್ಟ ಆಗುತ್ತದೆ. ಕೆಲವು ಗೇಮ್‌ಗಳಲ್ಲಿ ಗೊತ್ತೇ ಆಗುವುದಿಲ್ಲ, ಕೆಲವದರಲ್ಲಿ ಹೊಟ್ಟೆ ಉರಿಯುವಷ್ಟು ಆಗುತ್ತದೆ.

ಯಾವುದರಲ್ಲಿ ಜಾಸ್ತಿ ಅಂತ ಊಹಿಸುವುದು ಕಷ್ಟವಲ್ಲ. ಸೆಕೆಂಡಿಗೆ 200 ಫ್ರೇಮ್ ಬೇಕು ಅಂತ ಸೆಟ್ಟಿಂಗ್ ಎಲ್ಲಾ ಕೆಳಗಿಳಿಸಿ ಆಡುವ ಶೂಟಿಂಗ್ ಗೇಮ್‌ಗಳಲ್ಲಿ ಕಾರ್ಡ್‌ಗೆ ಕೆಲಸ ಕಡಿಮೆ, ದಾರಿಯಲ್ಲಿ ಓಡಾಟ ಜಾಸ್ತಿ. ಅಲ್ಲಿ ನಷ್ಟವೂ ಜಾಸ್ತಿ. ಕಥೆ ಇರುವ ದೊಡ್ಡ ಗೇಮ್ ಅನ್ನು ಸೆಟ್ಟಿಂಗ್ ಮೇಲಿಟ್ಟು 60 ಫ್ರೇಮ್‌ನಲ್ಲಿ ಆಡುವವರಿಗೆ ನಷ್ಟ ಕಡಿಮೆ. ಸ್ಕ್ರೀನ್ ರೆಸಲ್ಯೂಶನ್ ಹೆಚ್ಚಿದಷ್ಟೂ ಹೊರೆ ಕಾರ್ಡ್‌ನ ಮೇಲೆ ಬೀಳುತ್ತದೆ, ದಾರಿಯ ಮೇಲಲ್ಲ.

ಇನ್ನೊಂದು ವಿಷಯ. ಕಾರ್ಡ್‌ನ ಸ್ವಂತ ಮೆಮೊರಿ ತುಂಬಿದರೆ ಗೇಮ್ ಲ್ಯಾಪ್‌ಟಾಪ್‌ನ ರ‍್ಯಾಮ್ ಹತ್ತಿರ ಕೈಚಾಚುತ್ತದೆ. ಪ್ರತಿ ಸಲವೂ ಅದೇ ಸಣ್ಣ ದಾರಿಯಲ್ಲಿ ಓಡಾಡಬೇಕು, ಅಲ್ಲಿಗೆ ಆಟ ಜರ್ಕ್ ಹೊಡೆಯಲು ಶುರು. ನಿಮ್ಮ ಅಣ್ಣನೋ ತಮ್ಮನೋ ಕೊಡುತ್ತಿರುವ 3060ಯಲ್ಲಿ 12 ಜಿಬಿ ಇದ್ದರೆ ಅದು ನಿಮ್ಮ ಅದೃಷ್ಟ. 8 ಜಿಬಿಯ 3060 ಕೂಡ ಮಾರುಕಟ್ಟೆಯಲ್ಲಿದೆ, ಕೇಳಿ ನೋಡಿ. ಈ ಕೆಲಸಕ್ಕೆ ಹೊಸ 8 ಜಿಬಿ ಕಾರ್ಡ್‌ಗಿಂತ ಈ ಹಳೇ 12 ಜಿಬಿ ಕಾರ್ಡನ್ನೇ ನಾನಾದರೂ ಆರಿಸಿಕೊಳ್ಳುವೆ. ಇಂಟೆಲ್‌ನ ಆರ್ಕ್ ಕಾರ್ಡ್ ಮಾತ್ರ ಬೇಡ. ಕಾರ್ಡ್‌ನ ಪೂರ್ತಿ ಮೆಮೊರಿಯನ್ನು ಪ್ರೊಸೆಸರ್ ಒಟ್ಟಿಗೇ ಮುಟ್ಟಲು ಬಿಡುವ ರೀಸೈಜಬಲ್ ಬಾರ್ ಅನ್ನುವ ಸೌಲಭ್ಯ ಸಿಗದಿದ್ದರೆ ಅವು ತುಂಬಾ ಮಂಕಾಗುತ್ತವೆ, ಹೊರಗಿನ ಜೋಡಣೆಯಲ್ಲಿ ಅದು ಸಿಗುತ್ತದೆ ಅನ್ನುವ ಭರವಸೆ ಇಲ್ಲ.

ಈಗ ಲ್ಯಾಪ್‌ಟಾಪನ್ನು ಕೈಗೆ ತಗೊಳ್ಳಿ. ಯುಎಸ್‌ಬಿ-ಸಿ ಪೋರ್ಟ್ ಇದೆಯಾ? ಇದ್ದರೆ ಪಕ್ಕದಲ್ಲಿ ಬಾಣದ ತುದಿ ಇರುವ ಮಿಂಚಿನ ಗುರುತು ಇದೆಯಾ? ಅದೇ ಥಂಡರ್‌ಬೋಲ್ಟ್. 11ನೇ ಜನರೇಶನ್‌ನ ಹಲವು ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಲ್ಲಿ, ಉದಾಹರಣೆಗೆ ಐ5-1135ಜಿ7ನಲ್ಲಿ, ಥಂಡರ್‌ಬೋಲ್ಟ್ 4 ಒಳಗೇ ಇದೆ. ಆದರೆ ಅದನ್ನು ಹೊರಗಿನ ಪೋರ್ಟ್‌ವರೆಗೆ ತರಲು ಬೇರೆ ಬಿಡಿಭಾಗ ಬೇಕು. ಕಡಿಮೆ ಬೆಲೆಯ ಮಾಡೆಲ್‌ಗಳಲ್ಲಿ ಕಂಪನಿಗಳು ಆ ಖರ್ಚು ಉಳಿಸಿಬಿಡುತ್ತವೆ. ಹಾಗಾಗಿ ಪ್ರೊಸೆಸರ್ ಹೆಸರು ನೋಡಿ ತೀರ್ಮಾನಿಸಬೇಡಿ. ಲ್ಯಾಪ್‌ಟಾಪ್‌ನ ಅಡಿಯಲ್ಲಿರುವ ಪೂರ್ತಿ ಮಾಡೆಲ್ ನಂಬರ್ ಹಾಕಿ ಕಂಪನಿಯ ವೆಬ್‌ಸೈಟ್‌ನಲ್ಲಿ ವಿವರ ಓದಿ.

ಸಾದಾ ಯುಎಸ್‌ಬಿ-ಸಿ ಆದರೆ ಆ ದಾರಿ ಮುಚ್ಚಿತು. ಅದರಲ್ಲಿ ಚಾರ್ಜ್ ಆಗಬಹುದು, ಮಾನಿಟರ್ ಹಾಕಬಹುದು, ಆದರೆ ಪಿಸಿಐ ಎಕ್ಸ್‌ಪ್ರೆಸ್ ಹರಿಯುವುದಿಲ್ಲ. ಯುಎಸ್‌ಬಿ4 ಅಂತ ಬರೆದಿದ್ದರೆ ಸಾಧ್ಯತೆ ಇದೆ, ಆದರೆ ಅದರಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಕಡ್ಡಾಯವಲ್ಲ, ವಿಚಾರಿಸಬೇಕು. 'ಎಚ್‌ಡಿಎಂಐ ಪೋರ್ಟ್ ಇದೆಯಲ್ಲ, ಅದಕ್ಕೆ ಹಾಕಿದರೆ?' ಅಂತಲೂ ಕೇಳುತ್ತಾರೆ. ಎಚ್‌ಡಿಎಂಐ ಚಿತ್ರವನ್ನು ಹೊರಗೆ ಕಳಿಸುವ ಬಾಗಿಲು, ಒಳಗೆ ಬರುವುದಕ್ಕಲ್ಲ.

ಥಂಡರ್‌ಬೋಲ್ಟ್ ಇದ್ದವರು ಇಜಿಪಿಯು (ಹೊರಗಿನ ಗ್ರಾಫಿಕ್ಸ್ ಕಾರ್ಡ್) ಬಾಕ್ಸ್ ಅಥವಾ ಡಾಕ್ ತಗೊಳ್ಳಬೇಕು. ಬಾಕ್ಸ್ ಅಂದರೆ ಪವರ್ ಸಪ್ಲೈ, ಸ್ಲಾಟ್, ಥಂಡರ್‌ಬೋಲ್ಟ್ ಬೋರ್ಡ್ ಎಲ್ಲಾ ಒಳಗಿರುವ ಪೆಟ್ಟಿಗೆ. ರೇಜರ್ ಕೋರ್ ಎಕ್ಸ್‌ನಂಥವು ಅದೇ ಕೇಬಲ್‌ನಲ್ಲಿ ಲ್ಯಾಪ್‌ಟಾಪ್‌ಗೆ 100 ವಾಟ್ ಚಾರ್ಜನ್ನೂ ಕೊಡುತ್ತವೆ. ಚೆಂದ, ಆದರೆ ಖಾಲಿ ಪೆಟ್ಟಿಗೆಗೆ ಕೊಡುವ ದುಡ್ಡಿನಲ್ಲಿ ಇನ್ನೊಂದು ಕಾರ್ಡ್ ಬರುತ್ತದೆ ಅನಿಸಿ ಬೇಜಾರಾಗುತ್ತದೆ. ಡಾಕ್ ಅಂದರೆ ಬರೀ ಬೋರ್ಡ್. ಕಾರ್ಡ್ ಮೇಲೆ ಬಯಲಿನಲ್ಲಿ ನಿಂತಿರುತ್ತದೆ, ಡೆಸ್ಕ್‌ಟಾಪ್‌ನ ಪವರ್ ಸಪ್ಲೈ ನೀವೇ ಜೋಡಿಸಬೇಕು. ಅಗ್ಗ. ಜೊತೆಗೆ ಬಂದ ಗಿಡ್ಡ ಕೇಬಲನ್ನೇ ಬಳಸಿ. ಥಂಡರ್‌ಬೋಲ್ಟ್ 3ರ ಉದ್ದದ ಸಾದಾ ಕೇಬಲ್‌ಗಳಲ್ಲಿ ವೇಗ 40ರಿಂದ 20 ಗಿಗಾಬಿಟ್‌ಗೆ ಇಳಿಯುತ್ತದೆ.

ಥಂಡರ್‌ಬೋಲ್ಟ್ ಇಲ್ಲದವರಿಗೆ ಉಳಿದದ್ದು ಎಂ.2 ದಾರಿ. ಲ್ಯಾಪ್‌ಟಾಪ್‌ನ ಎನ್‌ವಿಎಂಇ ಎಸ್‌ಎಸ್‌ಡಿ, ಅಂದರೆ ವಿಂಡೋಸ್ ಇರುವ ವೇಗದ ಡಿಸ್ಕ್, ಕೂರುವ ಎಂ.2 ಸ್ಲಾಟ್ ಇದೆಯಲ್ಲ, ಅದು ಸಾಮಾನ್ಯವಾಗಿ 4 ಲೇನ್‌ನ ಪಿಸಿಐ ಎಕ್ಸ್‌ಪ್ರೆಸ್. ಎಸ್‌ಎಸ್‌ಡಿ ತೆಗೆದು ಅಲ್ಲಿಗೆ ಅಡಾಪ್ಟರ್ ಹಾಕಿ, ಕೇಬಲ್ ಹೊರಗೆಳೆದು ಕಾರ್ಡ್ ಜೋಡಿಸುತ್ತಾರೆ. ಆಕ್ಯುಲಿಂಕ್ ಅನ್ನುವುದೂ ಇದೇ ಜಾತಿಯದು, ಕನೆಕ್ಟರ್ ಮಾತ್ರ ಅಚ್ಚುಕಟ್ಟು. ತಮಾಷೆ ಏನೆಂದರೆ ಇದು ಥಂಡರ್‌ಬೋಲ್ಟ್ 4ಕ್ಕಿಂತ ವೇಗ. ಮಧ್ಯೆ ಇನ್ನೊಂದು ಚಿಪ್‌ನ ಭಾಷಾಂತರ ಇಲ್ಲ. ನಾಲ್ಕನೇ ತಲೆಮಾರಿನ ಪಿಸಿಐ ಎಕ್ಸ್‌ಪ್ರೆಸ್ ಸಿಕ್ಕರೆ 64 ಗಿಗಾಬಿಟ್‌ವರೆಗೆ ಹೋಗುತ್ತದೆ. ಕೇಬಲ್ ಕಳಪೆಯಾದರೆ ಆ ವೇಗದಲ್ಲಿ ತೊಂದರೆ ಕೊಡುತ್ತದೆ, ಆಗ ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಓಡುವ ಲ್ಯಾಪ್‌ಟಾಪ್‌ನ ಮೂಲ ಸಾಫ್ಟ್‌ವೇರ್) ಅವಕಾಶವಿದ್ದರೆ ಮೂರನೇ ತಲೆಮಾರಿಗೆ ಇಳಿಸಿಕೊಳ್ಳಬೇಕು.

ಆದರೆ ಸುಖ ಇಷ್ಟಕ್ಕೇ. ಲ್ಯಾಪ್‌ಟಾಪ್‌ನ ಅಡಿ ಮುಚ್ಚಳ ತೆಗೆದೇ ಇರಬೇಕು ಅಥವಾ ಕೊರೆಯಬೇಕು. ವಾರಂಟಿಯ ಆಸೆ ಬಿಡಬೇಕು. ಒಂದೇ ಸ್ಲಾಟ್ ಇದ್ದರೆ ವಿಂಡೋಸ್ ಎಲ್ಲಿಡುವುದು ಅನ್ನುವ ಪ್ರಶ್ನೆ ಬರುತ್ತದೆ, ಹಳೇ ಬಗೆಯ ಸಾಟಾ ಡಿಸ್ಕ್‌ಗೆ ಜಾಗ ಇದ್ದವರು ಬಚಾವ್. ಓಡುತ್ತಿರುವಾಗ ಎಳೆದು ತೆಗೆಯುವ ಹಾಗಿಲ್ಲ. ಮೊದಲು ಕಾರ್ಡ್‌ಗೆ ಕರೆಂಟ್, ಆಮೇಲೆ ಲ್ಯಾಪ್‌ಟಾಪ್ ಆನ್. ನಿಲ್ಲಿಸುವಾಗ ಇದರ ಉಲ್ಟಾ. ಕಾಲೇಜಿಗೆ ದಿನಾ ಒಯ್ಯುವ ಲ್ಯಾಪ್‌ಟಾಪ್‌ಗೆ ಇದು ಬೇಡವೇ ಬೇಡ.

ಜೋಡಿಸಿದ ಮೇಲೆ ಜನ ಎಡವುವ ಜಾಗ ಮಾನಿಟರ್. ಗೇಮ್ ಅನ್ನು ಲ್ಯಾಪ್‌ಟಾಪ್‌ನ ಸ್ಕ್ರೀನ್‌ನಲ್ಲೇ ನೋಡಿದರೆ ಕಾರ್ಡ್ ಬಿಡಿಸಿದ ಪ್ರತಿ ಚಿತ್ರವೂ ಅದೇ ಕೇಬಲ್‌ನಲ್ಲಿ ವಾಪಸ್ ಬರಬೇಕು. ಮೊದಲೇ ಇಕ್ಕಟ್ಟು, ಅದರಲ್ಲಿ ಇದು ಬೇರೆ. ಬೇರೆ ಮಾನಿಟರ್ ತಂದು ನೇರವಾಗಿ ಕಾರ್ಡ್‌ನ ಹಿಂದೆಯೇ ಹಾಕಿ. ಹಳೇ ಮಾನಿಟರ್ ಆದರೂ ಪರವಾಗಿಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡ್ ಪಕ್ಕ ಹಳದಿ ಗುರುತು, 'ಕೋಡ್ 12' ಅಂತ ಬಂದರೆ ಕಾರ್ಡ್ ಕೆಟ್ಟಿದೆ ಅಂತ ಗಾಬರಿ ಆಗಬೇಡಿ. ವಿಂಡೋಸ್‌ಗೆ ಕಾರ್ಡ್‌ಗೆ ಬೇಕಾದಷ್ಟು ಸಂಪನ್ಮೂಲ ಹಂಚಲು ಆಗಲಿಲ್ಲ ಅಂತ ಅರ್ಥ. ಬಯೋಸ್ ಅಪ್‌ಡೇಟ್ ಮಾಡಿ ನೋಡುವುದು ಮೊದಲ ಕೆಲಸ. ಮ್ಯಾಕ್ ಇರುವವರು ಇಲ್ಲಿಗೇ ಓದು ನಿಲ್ಲಿಸಬಹುದು. ಆಪಲ್‌ನ ಸ್ವಂತ ಚಿಪ್ ಇರುವ ಮ್ಯಾಕ್‌ಗಳಲ್ಲಿ ಗೇಮ್‌ಗಾಗಿ ಈ ಜೋಡಣೆ ನಡೆಯುವುದಿಲ್ಲ.

ಇನ್ನು ನಮ್ಮ ಊರಿನ ವಿಷಯ. ಇದನ್ನು ಇಂಗ್ಲಿಷ್ ವಿಡಿಯೋಗಳಲ್ಲಿ ಯಾರೂ ಹೇಳುವುದಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಗುವುದು ಮೂಡಿಗೆರೆ, ಸಕಲೇಶಪುರದ ಕಡೆಯವರಿಗೆ ಸುದ್ದಿಯೇ ಅಲ್ಲ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ, ಯಾಕೆ ಚಿಂತೆ ಅಂತ ಅನಿಸುತ್ತದೆ ಅಲ್ವಾ? ತೊಂದರೆಯೇ ಅದು. ಕರೆಂಟ್ ಹೋದ ಕ್ಷಣ ಲ್ಯಾಪ್‌ಟಾಪ್ ಓಡುತ್ತಲೇ ಇರುತ್ತದೆ, ಕಾರ್ಡ್ ಮಾತ್ರ ಮಾಯ. ಚಿತ್ರ ಬಿಡಿಸುತ್ತಿದ್ದ ಕಾರ್ಡ್ ಹೇಳದೆ ಕೇಳದೆ ಹೋದಾಗ ಗೇಮ್ ಬೀಳುತ್ತದೆ, ಎಷ್ಟೋ ಸಲ ವಿಂಡೋಸ್ ಕೂಡ ನೀಲಿ ಸ್ಕ್ರೀನ್ ತೋರಿಸುತ್ತದೆ. ಡೆಸ್ಕ್‌ಟಾಪ್‌ಗೆ ಯುಪಿಎಸ್ ಇಡುವ ಹಾಗೆ ಇದಕ್ಕೂ ಇಡಬೇಕು. 3060 ಹೆಚ್ಚೆಂದರೆ 170 ವಾಟ್ ಎಳೆಯುತ್ತದೆ, ಸಣ್ಣ ಮಾನಿಟರ್‌ಗೆ 30 ವಾಟ್ ಇಟ್ಟುಕೊಳ್ಳಿ. ಪವರ್ ಸಪ್ಲೈ ತಿನ್ನುವ ಪಾಲು ಸೇರಿದರೂ ಸಾಮಾನ್ಯ 600 ವಿಎ ಯುಪಿಎಸ್ ಕೆಲವು ನಿಮಿಷ ತಡೆಯುತ್ತದೆ. ಗೇಮ್ ಸೇವ್ ಮಾಡಿ ನಿಲ್ಲಿಸಲು ಅಷ್ಟು ಸಾಕು. ಮನೆಯ ಇನ್ವರ್ಟರ್ ಮೇಲೆ ಓಡಿಸುವುದಾದರೆ ಅದು ಸೈನ್ ವೇವ್ (ಲೈನ್ ಕರೆಂಟಿನ ಹಾಗೆ ನಯವಾದ ಅಲೆ ಕೊಡುವ) ಬಗೆಯದಿರಲಿ.

ಮೂರು ಪಿನ್‌ನ ಸಾಕೆಟ್‌ನಲ್ಲಿ ಅರ್ಥಿಂಗ್ ನಿಜವಾಗಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ಹಳೇ ತೋಟದ ಮನೆಗಳಲ್ಲಿ, ಬಾಡಿಗೆ ರೂಮುಗಳಲ್ಲಿ ಮೂರನೇ ತೂತು ಬರೀ ತೋರಿಕೆಗೆ ಇರುವುದುಂಟು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಇಂಟರ್‌ನೆಟ್ ಕೇಬಲನ್ನೂ ಕಿತ್ತಿಡಿ.

ಬಯಲು ಡಾಕ್ ಆದರೆ ಮಳೆಹುಳಗಳ ಕಾಟ ಬೇರೆ. ಮೊದಲ ಮಳೆ ಬಿದ್ದ ಸಂಜೆ ದೀಪಕ್ಕೆ ಮುತ್ತುವ ಆ ರೆಕ್ಕೆ ಹುಳುಗಳು ಫ್ಯಾನ್‌ಗೂ ಬೀಳುತ್ತವೆ. ಅವನ್ನು ಹಿಡಿಯಲು ಹಲ್ಲಿ ಬರುತ್ತದೆ. ಬೆಚ್ಚಗಿನ ಬೋರ್ಡ್ ಮೇಲೆ ಹಲ್ಲಿ ಓಡಾಡುವುದು ಒಳ್ಳೆಯ ಲಕ್ಷಣ ಅಲ್ಲ, ಶಾರ್ಟ್ ಆದರೆ ಕಾರ್ಡ್ ಹೋಯಿತು. ಗಾಳಿಯಾಡುವ ಜಾಲರಿ ಪೆಟ್ಟಿಗೆ ಮಾಡಿಸಿಕೊಳ್ಳಿ, ಖಾಲಿ ಡೆಸ್ಕ್‌ಟಾಪ್ ಕ್ಯಾಬಿನೆಟ್ ಸಿಕ್ಕರೆ ಇನ್ನೂ ಒಳ್ಳೆಯದು. ಚಿಕ್ಕಮಗಳೂರಿನ ತಂಪು ಮಾತ್ರ ನಮಗೆ ಸುಮ್ನೆ ಸಿಕ್ಕ ಲಾಭ. ಡಿಸೆಂಬರ್ ರಾತ್ರಿಗಳಲ್ಲಿ ಕಾರ್ಡ್‌ನ ಫ್ಯಾನ್ ಜಾಸ್ತಿ ಕೂಗುವುದೇ ಇಲ್ಲ.

ಇಷ್ಟೆಲ್ಲಾ ಕೇಳಿದ ಮೇಲೆ ನಿಮ್ಮ ವಿಷಯಕ್ಕೆ ಬರೋಣ. ದುಡ್ಡು ಖರ್ಚು ಮಾಡುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ 8 ಜಿಬಿ ರ‍್ಯಾಮ್ ಒಂದೇ ಸ್ಟಿಕ್ ಆಗಿದ್ದು, ಇನ್ನೊಂದು ಸ್ಲಾಟ್ ಖಾಲಿ ಇದ್ದರೆ, ಅಂಥದ್ದೇ ಇನ್ನೊಂದು ಸ್ಟಿಕ್ ಹಾಕಿಸಿ. ಒಳಗಿರುವ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಅದು ಈ ರ‍್ಯಾಮ್‌ನಿಂದಲೇ ಬದುಕುವುದು. ಎರಡು ಸ್ಟಿಕ್ ಆದರೆ ಅದಕ್ಕೆ ಉಸಿರಾಡಲು ಜಾಗ ಸಿಗುತ್ತದೆ. ಐ5-1135ಜಿ7 ಇರುವ ಲ್ಯಾಪ್‌ಟಾಪ್‌ಗಳಲ್ಲಿ ಒಂದೇ ಸ್ಟಿಕ್ ಇದ್ದಾಗ ಗ್ರಾಫಿಕ್ಸ್ ಹೆಸರು 'ಯುಎಚ್‌ಡಿ' ಅಂತ ತೋರಿಸುತ್ತದೆ, ಎರಡಾದ ಮೇಲೆ 'ಐರಿಸ್ ಎಕ್ಸ್‌ಇ' ಆಗುತ್ತದೆ. ವ್ಯಾಲರಂಟ್‌ನಂಥ ಹಗುರ ಗೇಮ್‌ಗೆ ಇದೇ ಸಾಕಾಗಬಹುದು. ಆಟದಲ್ಲಿ ಪಿಂಗ್ (ಸರ್ವರ್‌ನಿಂದ ಉತ್ತರ ಬರುವ ಸಮಯ) ಜಾಸ್ತಿ ಅನ್ನುವುದು ನಿಮ್ಮ ತೊಂದರೆಯಾದರೆ ಯಾವ ಕಾರ್ಡೂ ಅದನ್ನು ಸರಿಮಾಡುವುದಿಲ್ಲ, ಅದು ಇಂಟರ್‌ನೆಟ್‌ನ ಕಥೆ.

ಅಷ್ಟಕ್ಕೆ ತೃಪ್ತಿ ಆಗಲಿಲ್ಲ, ಲ್ಯಾಪ್‌ಟಾಪ್‌ನಲ್ಲಿ ಥಂಡರ್‌ಬೋಲ್ಟ್ 4 ಇದೆ, ರೂಮಿನಲ್ಲಿ ಮೇಜು ಮತ್ತು ಮಾನಿಟರ್ ಇದೆ ಅಂದರೆ ಡಾಕ್ ತಗೊಳ್ಳಿ. ನಿಮ್ಮದು ಐ5-1135ಜಿ7 ಆದರೆ ಅದಕ್ಕೆ 4 ಕೋರ್ ಮಾತ್ರ, ದೊಡ್ಡ ಹೊಸ ಗೇಮ್‌ಗಳಲ್ಲಿ ಅದೂ ಸ್ವಲ್ಪ ಎಳೆಯುತ್ತದೆ. ಆದರೂ ಒಳಗಿನ ಗ್ರಾಫಿಕ್ಸ್‌ಗೆ ಹೋಲಿಸಿದರೆ ಬೇರೆಯೇ ಲೋಕ. ಓದಿಗೂ ಆಟಕ್ಕೂ ಒಂದೇ ಲ್ಯಾಪ್‌ಟಾಪ್ ಸಾಕಾಗುತ್ತದೆ.

ಥಂಡರ್‌ಬೋಲ್ಟ್ ಇಲ್ಲ ಅಂದರೆ ನನ್ನ ಸಲಹೆ ಬೇರೆ. ಕಾರ್ಡ್ ಪುಕ್ಕಟೆ ಬರುತ್ತಿದೆ. ಅಡಾಪ್ಟರ್, ಪವರ್ ಸಪ್ಲೈ, ಮಾನಿಟರ್ ಲೆಕ್ಕ ಹಾಕಿ. ಆ ದುಡ್ಡಿಗೆ ಸ್ವಲ್ಪ ಸೇರಿಸಿದರೆ ಆಫೀಸ್‌ಗಳಿಂದ ಹೊರಬಂದ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಸಿಗುತ್ತದೆ. ಅದರಲ್ಲಿ ಇದೇ 3060ಗೆ ಪೂರ್ತಿ 16 ಲೇನ್ ಸಿಗುತ್ತದೆ. ಹಾಸನದಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಹುಡುಕಿ. ತಗೊಳ್ಳುವಾಗ ಕ್ಯಾಬಿನೆಟ್ ಅಗಲ ನೋಡಿ, ತೆಳ್ಳಗಿನ ಆಫೀಸ್ ಡಬ್ಬಿಗಳಲ್ಲಿ ಈ ಕಾರ್ಡ್ ಕೂರುವುದೇ ಇಲ್ಲ. ಕಂಪನಿಯ ಸ್ವಂತ ಅಳತೆಯ ಪವರ್ ಸಪ್ಲೈ ಇದ್ದರೆ ಅದೂ ತಲೆನೋವು, ಬದಲಿಸಲು ಆಗುವುದಿಲ್ಲ. 3060ಗೆ ಎನ್‌ವಿಡಿಯಾ ಹೇಳುವುದು 550 ವಾಟ್ ಪವರ್ ಸಪ್ಲೈ. 8 ಪಿನ್‌ನ ಪವರ್ ಕೇಬಲ್ ಅದರಲ್ಲಿ ಇರಬೇಕು. ಕೆಲವು ಕಂಪನಿಗಳ 3060 ಮಾಡೆಲ್‌ಗಳು 8ರ ಜೊತೆ ಇನ್ನೊಂದು 6 ಪಿನ್ ಕೂಡ ಕೇಳುತ್ತವೆ, ಹಾಸನದಿಂದ ಕಾರ್ಡ್ ತರುವ ಮೊದಲು ಅದರ ಫೋಟೋ ತರಿಸಿಕೊಂಡು ಎಣಿಸಿ.