'ದೌ' ಅಂದರೆ ತಾವಾ, ನೀನಾ?

ಓದುಗರ ಪ್ರಶ್ನೆ: ಇಂಗ್ಲಿಷ್ ಬೈಬಲ್‌ನಲ್ಲಿ, ಹಳೆಯ ಪದ್ಯಗಳಲ್ಲಿ ದೇವರನ್ನು 'ದೌ' ಅಂತ ಕರೆಯುತ್ತಾರಲ್ಲ, ಅದು 'ಯೂ'ಗಿಂತ ಹೆಚ್ಚು ಗೌರವದ ಪದವಾ? ನಮ್ಮ 'ತಾವು' ಇದ್ದ ಹಾಗಾ?

ಇಲ್ಲ, ಪೂರ್ತಿ ಉಲ್ಟಾ. 'ದೌ' ಅಂದರೆ ನೀನು. 'ಯೂ' ಅಂದರೆ ನೀವು. ಈಗ ಪ್ರಾರ್ಥನೆಯಲ್ಲೋ ಹಳೇ ಕವಿತೆಯಲ್ಲೋ ಮಾತ್ರ ಕಿವಿಗೆ ಬೀಳುವುದರಿಂದ ಅದು ಭಾರೀ ಮರ್ಯಾದೆಯ ಪದ ಅನ್ನಿಸಿಬಿಡುತ್ತದೆ, ಅಷ್ಟೇ.

ಸಾವಿರ ವರ್ಷದ ಹಿಂದಿನ ಇಂಗ್ಲಿಷ್‌ನಲ್ಲಿ ಇದು ಬರೀ ಲೆಕ್ಕದ ವಿಷಯವಾಗಿತ್ತು. ಒಬ್ಬರಿದ್ದರೆ 'ದೌ', ಜಾಸ್ತಿ ಜನ ಇದ್ದರೆ 'ಯೀ' ಮತ್ತು 'ಯೂ'. ರಾಜನಾದರೂ ಒಬ್ಬನೇ ಇದ್ದರೆ 'ದೌ'. 1066ರಲ್ಲಿ ಫ್ರಾನ್ಸ್ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಆಳುವವರ ಭಾಷೆ ಫ್ರೆಂಚ್ ಆಯಿತು. ಫ್ರೆಂಚ್‌ನಲ್ಲಿ ದೊಡ್ಡವರೊಬ್ಬರಿಗೂ ಬಹುವಚನ ಹಾಕುವ ರೂಢಿಯಿತ್ತು, ಹದಿಮೂರನೇ ಶತಮಾನದ ಹೊತ್ತಿಗೆ ಅದು ಇಂಗ್ಲಿಷ್‌ಗೂ ಬಂತು. ಮಕ್ಕಳು, ಆಳುಗಳು, ಆಪ್ತ ಗೆಳೆಯರು, ಪ್ರೇಮಿಗಳು, ಇವರಿಗೆಲ್ಲ 'ದೌ'. ಒಡೆಯರಿಗೆ, ಅಪ್ಪ ಅಮ್ಮನಿಗೆ 'ಯೂ'.

ಸಿಟ್ಟು ಬಂದಾಗಲೂ 'ದೌ'! ಇದನ್ನು ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ಇಷ್ಟು ಹೊತ್ತು 'ನೀವು' ಅನ್ನುತ್ತಿದ್ದವರು ಜಗಳದ ಮಧ್ಯೆ 'ನೀನು' ಅಂದರೆ ನಮಗೆ ಹೇಗೆ ಚುಚ್ಚುತ್ತದೆ. 'ಏಕವಚನದಲ್ಲಿ ಬೈದರು' ಅನ್ನುವುದು ನಮ್ಮಲ್ಲಿ ಈಗಲೂ ಸುದ್ದಿಯಾಗುತ್ತದೆ. ಇಂಗ್ಲೆಂಡಿನಲ್ಲಿ ಅಂಥದ್ದೇ ಒಂದು ಪ್ರಸಂಗ ಇತಿಹಾಸದಲ್ಲಿ ದಾಖಲಾಗಿದೆ. 1603ರಲ್ಲಿ ವಿಂಚೆಸ್ಟರ್‌ನಲ್ಲಿ ಸರ್ ವಾಲ್ಟರ್ ರಾಲಿ ಮೇಲೆ ರಾಜದ್ರೋಹದ ವಿಚಾರಣೆ ನಡೆಯಿತು. ಎಲಿಜಬೆತ್ ರಾಣಿಯ ಮೆಚ್ಚಿನವನಾಗಿದ್ದ ಆತನಿಗೆ ಸರ್ಕಾರಿ ವಕೀಲ ಎಡ್ವರ್ಡ್ ಕೋಕ್ ತುಂಬಿದ ನ್ಯಾಯಾಲಯದಲ್ಲೇ 'ವಿಷಸರ್ಪವೇ' ಎಂದು ಬೈದು, 'ನಿನ್ನನ್ನು ದೌ ಅಂತಲೇ ಕರೆಯುತ್ತೇನೆ, ದ್ರೋಹಿ' ಅಂದ. ಆಗ 'ದೌ' ಅನ್ನುವುದು ಕ್ರಿಯಾಪದವೂ ಆಗಿತ್ತು, ಏಕವಚನದಲ್ಲಿ ಮಾತಾಡಿಸು ಅಂತ.

ಹಾಗಾದರೆ ದೇವರಿಗೇಕೆ 'ದೌ'? ಬೈಬಲ್‌ನ ಮೂಲವಾದ ಹೀಬ್ರೂ ಮತ್ತು ಗ್ರೀಕ್‌ನಲ್ಲಿ ಗೌರವದ ಬಹುವಚನ ಇರಲಿಲ್ಲ. 1526ರಲ್ಲಿ ಬೈಬಲ್‌ನ ಎರಡನೇ ಭಾಗವಾದ ಹೊಸ ಒಡಂಬಡಿಕೆಯನ್ನು ಇಂಗ್ಲಿಷ್‌ಗೆ ತಂದ ವಿಲಿಯಂ ಟಿಂಡೇಲ್ ಮೂಲದ ಲೆಕ್ಕವನ್ನೇ ಹಿಡಿದ, 1611ರ ಕಿಂಗ್ ಜೇಮ್ಸ್ ಬೈಬಲ್ ಕೂಡ ಅದೇ ದಾರಿ ಹಿಡಿಯಿತು. ಅಲ್ಲಿ ಸೈತಾನನಿಗೂ ಅದೇ ಏಕವಚನ ಇದೆ. ನಮ್ಮ ವಚನಕಾರರು, ದಾಸರೂ ದೇವರಿಗೆ 'ನೀನು' ಅಂದವರೇ.

ಈ ಕಥೆಯಲ್ಲಿ ನನಗೆ ತುಂಬಾ ಇಷ್ಟವಾಗುವವರು ಕ್ವೇಕರ್‌ಗಳು ಎಂಬ ಕ್ರೈಸ್ತ ಪಂಥದವರು. 1650ರ ದಶಕದಲ್ಲಿ ಅವರ ಮುಂದಾಳು ಜಾರ್ಜ್ ಫಾಕ್ಸ್ ಮತ್ತು ಜೊತೆಗಾರರು, ದೇವರ ಮುಂದೆ ಎಲ್ಲರೂ ಒಂದೇ, ಹಾಗಾಗಿ ಒಬ್ಬ ಮನುಷ್ಯನಿಗೆ ಏಕವಚನವೇ ಸರಿ ಅಂತ ಹಟ ಹಿಡಿದು ಶ್ರೀಮಂತರಿಗೂ ನ್ಯಾಯಾಧೀಶರಿಗೂ 'ದೌ' ಅಂದರು. ಇದಕ್ಕಾಗಿ ಬೈಸಿಕೊಂಡರು, ಏಟು ತಿಂದರು, ಆದರೂ ಬಿಡಲಿಲ್ಲ. ಅದು ನಿಜಕ್ಕೂ ದೊಡ್ಡ ಧೈರ್ಯ.

ಉಳಿದ ಜನ ಮಾತ್ರ ಇನ್ನೊಂದು ದಾರಿ ಹಿಡಿದರು. ಎದುರಿಗಿರುವವರು ಯಾರೋ ಏನೋ, 'ಯೂ' ಅಂದುಬಿಟ್ಟರೆ ಯಾರಿಗೂ ಬೇಜಾರಿಲ್ಲ. ಹೀಗೆ ಹದಿನೇಳನೇ ಶತಮಾನದಲ್ಲಿ 'ದೌ' ಸಾಮಾನ್ಯ ಮಾತಿನಿಂದ ಸರಿಯುತ್ತಾ ಹೋಯಿತು. ಅಂದರೆ ಇಂಗ್ಲಿಷ್ ಕಳಕೊಂಡದ್ದು 'ನೀವು' ಅಲ್ಲ, 'ನೀನು'. ಅಲ್ಲಿ ನಾಯಿಯನ್ನೂ 'ನೀವು' ಅಂತಲೇ ಕರೆಯುತ್ತಾರೆ! ಒಬ್ಬರಿಗೂ 'ಯೂ ಆರ್' ಅನ್ನುವುದು ಇದಕ್ಕೇ, ಅದು ಬಹುವಚನದ ಕ್ರಿಯಾಪದ. ಏಕವಚನಕ್ಕೆ 'ದೌ ಆರ್ಟ್' ಇತ್ತು. ಜೊತೆಗೆ 'ದೀ' ಅಂದರೆ ನಿನ್ನನ್ನು ಅಥವಾ ನಿನಗೆ, 'ದೈ' ಅಂದರೆ ನಿನ್ನ, 'ದೈನ್' ಅಂದರೆ ನಿನ್ನದು.

ಹಳೇ ಕಾಲದ ಅಂಗಡಿ ಅನ್ನಿಸಲಿ ಅಂತ ಬೋರ್ಡಿನ ಮೇಲೆ ಬರೆಯುವ 'ಯೀ ಓಲ್ಡ್' ಇದೆಯಲ್ಲ, ಆ 'ಯೀ'ಗೂ ಇದಕ್ಕೂ ಸಂಬಂಧವಿಲ್ಲ. ಅದು ಇಂಗ್ಲಿಷ್‌ನ 'ದ' (the) ಅಷ್ಟೇ. 'th' ಸದ್ದಿಗಿದ್ದ ಥಾರ್ನ್ ಎಂಬ ಹಳೆಯ ಅಕ್ಷರದ ಜಾಗದಲ್ಲಿ ಮುದ್ರಕರು 'ವೈ' (y) ಅಕ್ಷರ ಬಳಸಿದ್ದರಿಂದ ಹಾಗೆ ಕಾಣುತ್ತದೆ.

ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರ್ ಕಡೆಯ ಆಡುಮಾತಿನಲ್ಲಿ 'ದಾ', 'ದೀ' ಇನ್ನೂ ಉಳಿದಿವೆ. ಬೇರೆ ಕಡೆಯವರಿಗೆ ಎದುರಾದದ್ದು ಇನ್ನೊಂದು ತೊಂದರೆ. 'ಯೂ' ಒಬ್ಬರಿಗೂ ಸಾಗಿದ ಮೇಲೆ ನಿಜವಾದ ಬಹುವಚನಕ್ಕೆ ಪದ ಇಲ್ಲದಾಯಿತು. ಅದಕ್ಕೇ ಅಮೆರಿಕದ ದಕ್ಷಿಣದವರು 'ಯಾಲ್' ಅನ್ನುತ್ತಾರೆ, ಐರ್ಲೆಂಡಿನಲ್ಲಿ 'ಯೂಸ್' ಅನ್ನುತ್ತಾರೆ.